ಗೈಡ್ ಮೇಡಂಗೆ ಕೊಟ್ಟ ವೀಳ್ಯ

ಗುಬ್ಬಿ
18-6-2024

ಪಲ್ಲವಿ,

ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಮೊದಲು ಬರೆಯಬೇಕಲ್ಲ, ಬರೆದೆ. ಇನ್ನು ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ಬಸ್ಸು ಹೊರಟುಬಿಡುತ್ತದೆ. ಚಟ್ನಿಪುಡಿ ಡಬ್ಬಿಯ ಜೊತೆ ಈ ಕಾಗದವನ್ನೂ ಕುಣಿಗಲ್ ಬಸ್ಸಿನ ಕಂಡಕ್ಟರ್ ಅಡವಿಯಪ್ಪನ ಕೈಗೆ ಕೊಡುತ್ತಿದ್ದೇನೆ. ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನ್ ಮಾಡಿದರೆ ನಮ್ಮ ಹಿಟ್ಟಿನ ಮಿಲ್ಲಿನ ಸದ್ದಿಗೆ ನಾನು ಕೂಗಬೇಕು. ಕೂಗಿದರೆ ರಾಗಿ ಹಾಕಿಸಲು ಬಂದವರೆಲ್ಲ ಚೀಲ ಕೆಳಗಿಟ್ಟು ಕಿವಿ ಕೊಡುತ್ತಾರೆ. ನಿನ್ನ ಮಾವನಂತೂ ಸ್ಪೀಕರ್ ಹಾಕದೆ ಮಾತೇ ಆಡುವುದಿಲ್ಲ.

ಭಾನುವಾರ ಬಂದಾಗ ಊಟದ ನಡುವೆ ಹೇಳಿದೆ, ನರ್ಸಿಂಗ್‌ನಲ್ಲಿ ಪಿಎಚ್‌ಡಿ ಮಾಡಬೇಕೆಂದಿದ್ದೇನೆ ಎಂದು. ನಾನು ಸಾರು ಬಡಿಸುತ್ತಾ "ಮಾಡವ್ವ" ಎಂದೆ. ಅಂದದ್ದೇನೋ ಅಂದೆ, ಆಮೇಲಿನಿಂದ ಅದೇ ಯೋಚನೆ. ಎಂ.ಎಸ್ಸಿ. ಆಗಿದೆ, ಕುಣಿಗಲ್ ಕಾಲೇಜಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೀಯ. ಅದರ ಮೇಲೆ ಇನ್ನೂ ಇದೆಯೇ? ನನ್ನದು ಏಳನೇ ಕ್ಲಾಸಿಗೆ ನಿಂತು, ಮತ್ತೆ ಸೇರಿ, ಪರೀಕ್ಷೆಯ ಹೊತ್ತಿಗೆ ತಂಗಿ ಹುಟ್ಟಿದಳೆಂದು ಮತ್ತೆ ನಿಂತ ಓದು. ಮೇಲೆ ಎಷ್ಟು ಅಟ್ಟ ಇವೆಯೋ ನನಗೇನು ಗೊತ್ತು.

ಎಲ್ಲಿ ಓದುವುದು? ಕೆಲಸ ಬಿಡಬೇಕಾ? ಅಲ್ಲೇ ಇರಬೇಕಾ, ಬಂದು ಹೋಗಬಹುದಾ? ಇಷ್ಟು ಬರೆದುಬಿಡು.

ನಿನ್ನ ಮಾವ ಹೇಳುತ್ತಾರೆ, "ಓದೋಳು ಓದ್ತಾಳೆ, ನಿಂದೇನೇ ಉರಿ? ನೀನು ಈ ಕಾಗ್ದ ಮುಗಿಸೋ ಹೊತ್ಗೆ ಅವ್ಳು ಪಿಎಚ್‌ಡಿ ಮುಗ್ಸಿರ್ತಾಳೆ."

ಅವರ ಮಾತು ಬಿಡು. ನೀನು ಬರೆ.

ನಿನ್ನ ಅತ್ತೆ,
ಸರ್ವಮಂಗಳಮ್ಮ


ಕುಣಿಗಲ್
27-6-2024

ಅತ್ತೆ,

ಚಟ್ನಿಪುಡಿ ತಲುಪಿತು. ಹಾಸ್ಟೆಲ್ ಹುಡುಗಿಯರು ಅರ್ಧ ಖಾಲಿ ಮಾಡಿದ್ದಾರೆ. ಕಾಗದವನ್ನು ನಾನೊಬ್ಬಳೇ ಓದಿದೆ.

ನನ್ನ ಮುಂದೆ ಈಗ ಎರಡು ದಾರಿಗಳಿವೆ. ಒಂದು, ಕೆಲಸದಲ್ಲಿದ್ದುಕೊಂಡೇ ಮಾಡುವುದು, ಪಾರ್ಟ್ ಟೈಮ್. ತುಮಕೂರಿನಲ್ಲಿ ಪ್ರೇಮಲತಾ ಮೇಡಂ ಎಂಬ ಪ್ರೊಫೆಸರ್ ಇದ್ದಾರೆ. ಪಿಎಚ್‌ಡಿಗೆ ಒಬ್ಬರು ಗೈಡ್ ಬೇಕೇ ಬೇಕು, ಅವರು ಒಪ್ಪಿದರೆ ಮಾತ್ರ ಸೀಟು. ಅವರ ಹತ್ತಿರ ಒಂದು ಜಾಗ ಖಾಲಿ ಇದೆ. ಅದಕ್ಕೆ ಮಂಜುಶ್ರೀ ಎನ್ನುವವರೂ ಪ್ರಯತ್ನಿಸುತ್ತಿದ್ದಾರೆ. ಇನ್ನೊಂದು, ಕರಾವಳಿಯ ಒಂದು ವಿಶ್ವವಿದ್ಯಾಲಯ. ಅಲ್ಲಿ ಫುಲ್ ಟೈಮ್. ಕೆಲಸ ಬಿಟ್ಟು ಅಲ್ಲೇ ಇರಬೇಕು. ಮೂರು ವರ್ಷ, ಹೆಚ್ಚೂ ಆಗಬಹುದು. ಅವರೇ ತಿಂಗಳಿಗಿಷ್ಟು ಎಂದು ಕೊಡುತ್ತಾರೆ, ಆದ್ದರಿಂದ ಆ ಯೋಚನೆ ಬೇಡ.

ಎರಡು ಕಡೆಯೂ ಪರೀಕ್ಷೆ ಬರೆಯುತ್ತಿದ್ದೇನೆ. ಇನ್ನೂ ಯಾವುದೂ ತೀರ್ಮಾನವಾಗಿಲ್ಲ. ನೀವು ಈಗಲೇ ನಿದ್ದೆ ಕೆಡಿಸಿಕೊಳ್ಳಬೇಡಿ.

ಪಲ್ಲವಿ


ಗುಬ್ಬಿ
15-7-2024

ಪಲ್ಲವಿ,

ತೀರ್ಮಾನವಾಗಿಲ್ಲ ಎಂದು ಬರೆದೆ ನೋಡು, ನಿದ್ದೆ ಕೆಟ್ಟಿದ್ದೇ ಅದರಿಂದ.

ಕರಾವಳಿ ಎಂದರೆ ಘಟ್ಟ ಇಳಿಯಬೇಕು. ಘಟ್ಟದ ರಸ್ತೆ ಮಳೆಗೆ ಕುಸಿದಿದೆ ಎಂದು ಮೊನ್ನೆ ಟಿವಿಯಲ್ಲಿ ತೋರಿಸಿದರು. ಅಲ್ಲಿ ಸಾರಿಗೆ ತೆಂಗಿನೆಣ್ಣೆ ಹಾಕುತ್ತಾರಂತೆ, ಕುಚ್ಚಲಕ್ಕಿ ಅನ್ನವಂತೆ. ನಿನಗೆ ಮೊದಲೇ ಅಸಿಡಿಟಿ. ನರ್ಸು ನೀನು, ನಾನು ಹೇಳಬೇಕಾಗಿಲ್ಲ, ಆದರೂ ಹೇಳಿದೆ.

ಒಂದು ಒಳ್ಳೆಯ ಸುದ್ದಿ ಇದೆ. ನಿನ್ನೆ ಕ್ಯಾತ್ಸಂದ್ರದಲ್ಲಿ ನಮ್ಮ ನೆಂಟರ ಮನೆಯ ನಾಮಕರಣದಲ್ಲಿ ಒಬ್ಬ ಸಿಕ್ಕಿದ. ಕೋಟು ಹಾಕಿದ್ದ, ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ. "ಅಮ್ಮ, ಅಷ್ಟೆಲ್ಲ ಒದ್ದಾಟ ಯಾಕೆ? ಉತ್ತರದ ಕಡೆ ಒಂದು ಯೂನಿವರ್ಸಿಟಿ ಐತೆ. ಅಡ್ಮಿಷನ್‌ಗೆ ಒಂದ್ಸಲ, ಡಿಗ್ರಿ ಈಸ್ಕಳಕ್ಕೆ ಒಂದ್ಸಲ ಹೋದ್ರೆ ಸಾಕು. ಪುಸ್ತಕ ಬರ್ಕೊಡೋರೂ ನಮ್ಮೋರೇ" ಎಂದ. ಅಂದರೆ ನೀನು ಕುಣಿಗಲ್ಲಿನಲ್ಲೇ ಇರಬಹುದು, ಭಾನುವಾರ ಇಲ್ಲಿಗೆ ಬರಬಹುದು. ಅವನ ಕಾರ್ಡು ಇದರೊಳಗೆ ಇಟ್ಟಿದ್ದೇನೆ.

ಎದುರು ಮನೆ ಗಿರಿಯಮ್ಮ ರಾಗಿ ಹಾಕಿಸಲು ಬಂದು, ಬೀಸಿ ಮುಗಿದ ಮೇಲೂ ಹೋಗಲಿಲ್ಲ. "ಸೊಸೆ ಮುಂದಕ್ಕೆ ಓದ್ತಾಳಂತೆ?" ಎಂದಳು. ನಾನು ಹೇಳಿರಲಿಲ್ಲ. ಸ್ಪೀಕರ್ ಹೇಳಿರಬೇಕು.

ಸರ್ವಮಂಗಳಮ್ಮ


ಕುಣಿಗಲ್
6-8-2024

ಅತ್ತೆ,

ಆ ಕಾರ್ಡನ್ನು ಹರಿದು ಹಾಕಿದೆ. ಬೇರೆಯವರು ಬರೆದುಕೊಟ್ಟ ಪುಸ್ತಕಕ್ಕೆ ನನ್ನ ಹೆಸರು ಹಾಕಿಕೊಂಡು ನಾಳೆ ಯಾವ ಮುಖದಲ್ಲಿ ಪಾಠ ಹೇಳಲಿ? ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗಿಯನ್ನು ಹೋದ ವಾರವಷ್ಟೇ ಹೊರಗೆ ಕಳಿಸಿದ್ದೇನೆ. ದಯವಿಟ್ಟು ನನ್ನ ವಿಷಯವನ್ನು ಊಟದ ಪಂಕ್ತಿಯಲ್ಲಿ ಮಾತನಾಡಬೇಡಿ.

ಎರಡೂ ಪರೀಕ್ಷೆಗಳು ಪಾಸಾಗಿವೆ. ಸೆಪ್ಟೆಂಬರ್ ಎರಡನೇ ವಾರ ತುಮಕೂರಿನ ಸಂದರ್ಶನ. ಆಯ್ಕೆ ಮಾಡುವವರಲ್ಲಿ ಪ್ರೇಮಲತಾ ಮೇಡಂ ಕೂಡ ಇರುತ್ತಾರೆ. ಕರಾವಳಿಯವರು ಆಗಲೇ ಒಪ್ಪಿದ್ದಾರೆ, ಸೇರುವುದು ಜನವರಿಯಲ್ಲಿ.

ನಾನು ಏನನ್ನು ಓದಬೇಕೆಂದಿದ್ದೇನೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ನಾನೇ ಹೇಳುತ್ತೇನೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿಯನ್ನು ಮನೆಯಲ್ಲಿ ವರ್ಷಗಟ್ಟಲೆ ನೋಡಿಕೊಳ್ಳುವವರಿದ್ದಾರಲ್ಲ, ತಾಯಿಯೋ ಹೆಂಡತಿಯೋ, ಅವರಿಗೆ ಏನಾಗುತ್ತದೆ ಎಂಬುದು.

ಹಾಸ್ಟೆಲ್ಲಿನಲ್ಲಿ ಜ್ವರದವರು ಜಾಸ್ತಿ ಇದ್ದಾರೆ. ಎರಡು ಭಾನುವಾರ ಬರಲಾಗುವುದಿಲ್ಲ.

ಪಲ್ಲವಿ


ಗುಬ್ಬಿ
24-8-2024

ಪಲ್ಲವಿ,

ಏನಾಗುತ್ತದೆ ಎಂದು ತಿಳಿಯಲು ಅಷ್ಟು ವರ್ಷ ಓದಬೇಕಾ? ನನ್ನನ್ನೋ ನಿನ್ನನ್ನೋ ಕೇಳಿದರೆ ಆಗುವುದಿಲ್ಲವಾ?

ಹೀಗೆ ಬರೆದು ಪೆನ್ನು ಕೆಳಗಿಟ್ಟು ಹೋಗಿ ಹಾಲು ಕಾಯಿಸಿ ಬಂದೆ. ಡಯಾಲಿಸಿಸ್ ನಡೆಯುತ್ತಿದ್ದ ವರ್ಷಗಳಲ್ಲಿ ನನ್ನ ಮಗ ಕಿರಣನಿಗೆ ಅಳೆದ ನೀರಿನ ಲೋಟ ಕೊಡುವಾಗ ಅವನು ನನ್ನ ಮುಖ ನೋಡದೆ ಲೋಟವನ್ನೇ ನೋಡುತ್ತಿದ್ದ. ಆ ವಿಷಯ ನಾವಿಬ್ಬರೂ ಇಲ್ಲಿಯವರೆಗೆ ಮಾತನಾಡಿಲ್ಲ. ಅವನು ತೀರಿಹೋದ ಮೇಲೂ ನೀನು ಭಾನುವಾರ ಬರುತ್ತೀಯ, ಊಟ ಮಾಡುತ್ತೇವೆ, ಮಿಲ್ಲು ನಿಲ್ಲಿಸಿದ ದಿನ ಮನೆ ಎಷ್ಟು ನಿಶ್ಶಬ್ದ ಎಂದು ಮಾತನಾಡುತ್ತೇವೆ. ಅದನ್ನು ಮಾತ್ರ ಇಲ್ಲ. ನೀನು ಊರವರ ಮನೆಗಳಿಗೆಲ್ಲ ಹೋಗಿ ಅದನ್ನೇ ಕೇಳುತ್ತೀಯಾ?

ನಿನ್ನೆ ಶ್ರಾವಣ ಶುಕ್ರವಾರ, ನಾವಿಬ್ಬರೂ ತುಮಕೂರಿಗೆ ಹೋಗಿದ್ದೆವು. ವಿಶೇಷ ಏನಿಲ್ಲ. ಮಿಲ್ಲಿಗೆ ಬೆಲ್ಟ್ ಬೇಕಿತ್ತು. ಬರುವಾಗ ಮನಸ್ಸು ಹಗುರವಾಗಿತ್ತು, ಯಾಕೋ ಗೊತ್ತಿಲ್ಲ. ತುಮಕೂರಿನ ಸೀಟು ನಿನಗೇ ಆಗುತ್ತದೆ ಎಂದು ನನ್ನ ಒಳಮನಸ್ಸು ಹೇಳುತ್ತಿದೆ. ಗಾಬರಿಯಾಗಬೇಡ, ಧೈರ್ಯವಾಗಿ ಹೋಗು.

ಜ್ವರದವರ ಹತ್ತಿರ ಮಾಸ್ಕ್ ಹಾಕಿಕೋ.

ಸರ್ವಮಂಗಳಮ್ಮ


ಕುಣಿಗಲ್
19-9-2024

ಅತ್ತೆ,

ಪ್ರೇಮಲತಾ ಮೇಡಂ ಇವತ್ತು ಫೋನ್ ಮಾಡಿದ್ದರು. "ನಿಮ್ಮ ತಾಯಿ ನಮ್ಮ ಮನೆಗೆ ಬಂದಿದ್ದರು" ಎಂದರು. ನನ್ನ ಅಮ್ಮ ತುರುವೇಕೆರೆಯಿಂದ ಹೊರಗೆ ಕಾಲಿಟ್ಟು ವರ್ಷವಾಯಿತು. ನಾನು ಇಲ್ಲ ಎಂದೆ. "ಜೊತೆಗೆ ಯಜಮಾನರೂ ಇದ್ದರು, ತುಂಬ ಜೋರಾಗಿ ಮಾತನಾಡುತ್ತಿದ್ದರು, ಹಿಟ್ಟಿನ ವಾಸನೆ ಬರುತ್ತಿತ್ತು" ಎಂದಾಗ ತಿಳಿಯಿತು.

ಅವರು ಆಯ್ಕೆ ಸಮಿತಿಗೆ ತಾವೇ ಹೋಗಿ ಹೇಳಿದರಂತೆ. ಅಭ್ಯರ್ಥಿಯ ಮನೆಯವರು ಬಂದು ಕೋರಿಕೆ ಇಟ್ಟು ಉಡುಗೊರೆ ಕೊಟ್ಟು ಹೋಗಿದ್ದಾರೆ, ಆದ್ದರಿಂದ ಈ ಅಭ್ಯರ್ಥಿಗೆ ನಾನು ಗೈಡ್ ಆಗುವುದು ಸರಿಯಲ್ಲ ಎಂದು. ಸೀಟು ಮಂಜುಶ್ರೀಗೆ ಹೋಯಿತು. ಮೇಡಂ ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. "ನಿಮಗೆ ಗೊತ್ತಿರಲಿಲ್ಲ ಅಂತ ನಂಗೊತ್ತು, ಆದ್ರೆ ಇನ್ನೊಬ್ಬ ಹುಡುಗಿಗೂ ಅಪ್ಪ ಅಮ್ಮ ಇದಾರಲ್ವಾ" ಎಂದರು.

ಬೆಲ್ಟ್ ತರಲು ಹೋಗಿದ್ದೆವು ಎಂದು ಬರೆದಿದ್ದಿರಿ.

ಏನು ಹೇಳಿದಿರಿ ಅವರ ಹತ್ತಿರ? ಎಲ್ಲವನ್ನೂ ಬರೆಯಿರಿ.

ಪಲ್ಲವಿ


ಗುಬ್ಬಿ
23-9-2024

ಪಲ್ಲವಿ,

ನಿನ್ನ ಕಾಗದವನ್ನು ಒಲೆಯ ಮುಂದೆ ನಿಂತೇ ಓದಿದೆ. ರೊಟ್ಟಿ ಸೀದುಹೋಯಿತು. ಕೇಳಿದೆಯಲ್ಲ, ಒಂದನ್ನೂ ಬಿಡದೆ ಬರೆಯುತ್ತೇನೆ.

ಬೆಲ್ಟ್ ತಂದಿದ್ದು ನಿಜ. ಅದಕ್ಕೂ ಮೊದಲು ಪ್ರೇಮಲತಾ ಮೇಡಂ ಮನೆಗೆ ಹೋದೆವು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಎರಡು ತೆಂಗಿನಕಾಯಿ, ಒಂದು ರವಿಕೆ ಕಣ. ನಮ್ಮಲ್ಲಿ ಯಾರ ಮನೆಗೇ ಆಗಲಿ ಒಂದು ಮಾತು ಕೇಳಲು ಹೋಗುವಾಗ ಬರಿಗೈಯಲ್ಲಿ ಹೋಗುತ್ತೇವಾ? ನಿನ್ನನ್ನು ಕೇಳಲು ನಿಮ್ಮ ಮನೆಗೆ ಬಂದಾಗಲೂ ಹಾಗೆಯೇ ಬಂದಿದ್ದೆವು.

ಬಾಗಿಲು ತೆಗೆದವರೇ ಮೇಡಂ. "ಯಾರು ಬೇಕಿತ್ತು?" ಎಂದರು.

"ನಾವು ಗುಬ್ಬಿಯೋರು ತಾಯಿ, ಪಲ್ಲವಿ ಕಡೆಯೋರು" ಎಂದೆ.

"ಯಾವ ಪಲ್ಲವಿ?"

"ಪಿಎಚ್‌ಡಿ ಪಲ್ಲವಿ!" ಎಂದು ನಿನ್ನ ಮಾವ ಮಿಲ್ಲಿನಲ್ಲಿ ಕೂಗಿದ ಹಾಗೆ ಕೂಗಿದರು. ಪಕ್ಕದ ಮನೆಯವರು ಕಿಟಕಿ ತೆರೆದರು.

ಒಳಗೆ ಕೂರಿಸಿ ಕಾಫಿ ಕೊಟ್ಟರು. ಒಳ್ಳೆಯ ಹೆಂಗಸು. ನಾನು, "ನಮ್ಮ ಹುಡುಗೀನ ನಿಮ್ಮ ಕೈಗೆ ಹಾಕ್ತಿದೀವಿ, ಮಾತು ಕೊಡಬೇಕು" ಎಂದೆ.

ಅವರು ನಕ್ಕು, "ಅಮ್ಮ, ಇದು ಮದುವೆ ಮಾತುಕತೆ ಅಲ್ಲ. ಅವರು ಚೆನ್ನಾಗಿ ಮಾಡಿದ್ರೆ ಸಿಗುತ್ತೆ, ನೀವು ಇದನ್ನೆಲ್ಲ ವಾಪಸ್ ತಗೊಂಡ್ ಹೋಗಿ" ಎಂದರು.

"ಶ್ರಾವಣ ಶುಕ್ರವಾರ ಮುತ್ತೈದೆ ಕೊಟ್ಟ ಎಲೆ ಅಡಿಕೆ ಬ್ಯಾಡ ಅಂತಾರಾ ತಾಯಿ?" ಎಂದು ನಾನು ನಿಂತೇ ಬಿಟ್ಟೆ. ಅವರಿಗೆ ದಾರಿ ಕಾಣಲಿಲ್ಲ. ಸೆರಗೊಡ್ಡಿ ತೆಗೆದುಕೊಂಡರು. ಒಳಗೆ ಹೋಗಿ ನನಗೂ ಕುಂಕುಮ ಕೊಟ್ಟು ಎಲೆ ಅಡಿಕೆ ಬಾಳೆಹಣ್ಣು ಕೊಟ್ಟರು. ಎಲೆ ಅಡಿಕೆ ಬದಲಾಯಿತೆಂದರೆ ಮಾತು ಮುಗಿಯಿತು, ಇನ್ನು ಯಾರೂ ತಪ್ಪುವ ಹಾಗಿಲ್ಲ, ಅದೇ ಅಲ್ಲವಾ ನಮ್ಮ ಲೆಕ್ಕ? ಅವರು ಮರ್ಯಾದೆಗೆ ಕೊಟ್ಟರು, ನಾನು ಮಾತು ಎಂದು ತೆಗೆದುಕೊಂಡೆ. ಬಸ್ಸಿನಲ್ಲಿ ಗುಬ್ಬಿ ಬರುವವರೆಗೆ ನಿದ್ದೆ ಮಾಡಿದೆ ಎಂದರೆ ನೋಡು.

ಇನ್ನೂ ಒಂದಿದೆ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಹೇಳಿದೆ, "ಅವ್ಳು ಆ ಸಮುದ್ರದ ಕಡೆ ಹೋಗ್ದಂಗೆ ನೀವೇ ಒಂದ್ ಮಾತು ಹೇಳಿ. ನೀವು ಹೇಳಿದ್ರೆ ಕೇಳ್ತಾಳೆ." ಮೇಡಂ, "ಅವರು ನಿಮಗೆ ಏನಾಗ್ಬೇಕು?" ಎಂದು ಕೇಳಿದರು.

"ಮಗಳು" ಎಂದೆ.

ಯಾಕೆ ಹಾಗೆ ಅಂದೆನೋ. ಸೊಸೆ ಎಂದರೆ ಮಗ ಎಲ್ಲಿ ಎಂದು ಕೇಳುತ್ತಾರೆ.

ನಿನ್ನ ಮಾವ, "ಕಾಯಿ ಒಡೆದು ಚಟ್ನಿ ಮಾಡಿದ್ರೆ ಚಟ್ನಿಯಾದ್ರೂ ಆಗ್ತಿತ್ತು" ಎಂದರು, ಅಷ್ಟೇ. ನಾನು ಹೋಗಿ ಮೇಡಂ ಕಾಲು ಹಿಡಿಯಲೇ? ಮಂಜುಶ್ರೀ ಮನೆಗೆ ಹೋಗಿ ಕೇಳಲೇ? ಬೇಡ ಎನ್ನುತ್ತೀಯ, ಗೊತ್ತು. ಬಯ್ಯುವುದಾದರೆ ಎದುರಿಗೆ ಬಂದು ಬಯ್ಯಿ.

ಸರ್ವಮಂಗಳಮ್ಮ


ಗುಬ್ಬಿ
14-10-2024

ಪಲ್ಲವಿ,

ಮೂರು ಭಾನುವಾರವಾಯಿತು. ದಸರಾ ರಜೆಗೂ ಬರಲಿಲ್ಲ. ಅಡವಿಯಪ್ಪನನ್ನು ಕೇಳಿದರೆ "ಡಬ್ಬಿ ಈಸ್ಕಂಡ್ರು, ಮಾತಾಡ್ಲಿಲ್ಲ ಕಣಮ್ಮ, ಸಣ್ಣಗಾಗವ್ರೆ" ಎನ್ನುತ್ತಾನೆ.

ನಿನ್ನ ಅಣ್ಣ ನಿನಗೆ ಯಾರನ್ನೋ ನೋಡುತ್ತಿದ್ದಾನಂತೆ ಎಂದು ಗಿರಿಯಮ್ಮ ಹೇಳಿದಳು. "ಚಿಕ್ಕ ವಯಸ್ಸು, ಮಗು ಮರಿ ಇಲ್ಲ, ಇನ್ನೆಷ್ಟು ದಿನ ನಿಮ್ಮನೆ ಮೆಟ್ಲು ತುಳೀತಾಳೆ ಬುಡು" ಎಂದಳು. ಅವಳ ಹಿಟ್ಟನ್ನು ಸ್ವಲ್ಪ ತರಿ ಮಾಡಿ ಕೊಟ್ಟು ಕಳಿಸಿದೆ.

ನನಗೆ ಬರೆಯಲು ಬೇರೆ ಏನೂ ಇಲ್ಲ. ಖಾಲಿ ಡಬ್ಬಿಗಳನ್ನಾದರೂ ಕಳಿಸು.

ಸರ್ವಮಂಗಳಮ್ಮ


ಕುಣಿಗಲ್
28-10-2024

ಅತ್ತೆ,

ಇಷ್ಟು ದಿನ ಬರೆಯದೆ ಇದ್ದದ್ದು ಕೋಪಕ್ಕೆ ಅಲ್ಲ. ಮೊದಲ ವಾರ ಕೋಪವಿತ್ತು. ಆಮೇಲೆ ಇದ್ದದ್ದು ಬೇರೆ.

ಸೀಟು ಮಂಜುಶ್ರೀಗೆ ಹೋಯಿತು ಎಂದು ಪ್ರೇಮಲತಾ ಮೇಡಂ ಹೇಳಿದಾಗ ನನಗೆ ಮೊದಲು ಅನ್ನಿಸಿದ್ದು ಸಮಾಧಾನ. ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು, ಅವಮಾನವಾಯಿತು, ನಿಮಗೆ ಆ ಕಾಗದ ಬರೆದೆ. ಆದರೆ ಮೊದಲು ಬಂದದ್ದು ಸಮಾಧಾನವೇ. ಹೋಗಲು ನನಗೊಂದು ನೆಪ ಸಿಕ್ಕಿತ್ತು. ಅದನ್ನು ನಿಮ್ಮ ಮೇಲೆ ಹೊರಿಸಿ ಸುಮ್ಮನೆ ಹೋಗಿಬಿಡಬಹುದಿತ್ತು. ಅಷ್ಟು ಸುಲಭವಾಗಿ ಅದು ಸಾಧ್ಯವಿದೆ ಎಂದು ಗೊತ್ತಾದಾಗ ನನಗೇ ಭಯವಾಯಿತು.

ನಿಜ ಹೇಳುತ್ತೇನೆ. ನೀವು ಎಲೆ ಅಡಿಕೆ ಹಿಡಿದು ಹೋಗುವುದಕ್ಕಿಂತ ಮೊದಲೇ ನನ್ನ ಮನಸ್ಸು ಕರಾವಳಿಯ ಕಡೆ ವಾಲಿತ್ತು. ಪ್ರೇಮಲತಾ ಮೇಡಂ ದೊಡ್ಡವರು, ಆದರೆ ಅವರ ಕೆಲಸವೆಲ್ಲ ಆಸ್ಪತ್ರೆಯೊಳಗಿನ ನರ್ಸ್‌ಗಳ ಬಗ್ಗೆ. ಅವರ ಹತ್ತಿರ ಪಾರ್ಟ್ ಟೈಮ್ ಸೇರಿದ್ದರೆ ನಾನು ರಜೆಯ ದಿನ ಓಡಿಹೋಗಿ ಪ್ರಶ್ನೆಪತ್ರಿಕೆ ಹಂಚಿ ಟಿಕ್ ಮಾಡಿಸಿಕೊಂಡು ಬರಬೇಕಿತ್ತು. ನೀರಿನ ಲೋಟ ಕೊಡುವಾಗ ಎದೆಯಲ್ಲಿ ಏನಾಗುತ್ತದೆ ಎಂಬುದಕ್ಕೆ ಯಾರು ಟಿಕ್ ಹಾಕುತ್ತಾರೆ? ಆ ಮನೆಗಳಲ್ಲಿ ದಿನಗಟ್ಟಲೆ ಕೂರಬೇಕು, ಅವರು ತಾವಾಗಿ ಮಾತನಾಡುವವರೆಗೆ ಕಾಯಬೇಕು. ಕರಾವಳಿಯ ಗೈಡ್ ಅಂಥದ್ದನ್ನೇ ಮಾಡಿಸುವವರು. ನನ್ನ ಪ್ರಶ್ನೆಗೆ ಆ ಜಾಗವೇ ಸರಿ. ಇದನ್ನು ಜೂನ್‌ನಲ್ಲೇ ಹೇಳಬೇಕಿತ್ತು. ಸಾರು ಬಡಿಸುತ್ತಾ ನೀವು "ಮಾಡವ್ವ" ಎಂದಾಗ ಸಾರು ತಟ್ಟೆಯ ಹೊರಗೆ ಬಿದ್ದದ್ದು ಕಂಡಿತ್ತು, ಹೇಳಲಾಗಲಿಲ್ಲ.

ಅಣ್ಣ ನೋಡುತ್ತಿರುವುದು ನಿಜ. ನಾನು ಬೇಡ ಎಂದಿದ್ದೇನೆ. ಎಂದೆಂದಿಗೂ ಬೇಡ ಎಂದು ಹೇಳಿಲ್ಲ. ಅದನ್ನೂ ನಿಮಗೆ ಮುಚ್ಚಿಡುವುದಿಲ್ಲ.

ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದೇನೆ. ಜನವರಿ ಮೊದಲ ವಾರ ಹೊರಡುತ್ತೇನೆ. ಈ ಭಾನುವಾರ ಬರುತ್ತೇನೆ, ಎದುರಿಗೆ ಕೂತು ಬಯ್ಯುತ್ತೇನೆ. ಡಬ್ಬಿಗಳನ್ನೂ ತರುತ್ತೇನೆ.

ಪಲ್ಲವಿ


ಗುಬ್ಬಿ
11-2-2025

ಪಲ್ಲವಿ,

ಈ ಸಲ ಅಂಚೆಗೆ ಹಾಕುತ್ತಿದ್ದೇನೆ. ಅಡವಿಯಪ್ಪನ ಬಸ್ಸು ಘಟ್ಟ ಇಳಿಯುವುದಿಲ್ಲವಲ್ಲ. ತಲುಪುತ್ತದೋ ಇಲ್ಲವೋ ಎಂಬ ಹೊಸ ಚಿಂತೆ ಒಂದು ಸೇರಿಕೊಂಡಿತು. ತಲುಪಿದ ತಕ್ಷಣ ಫೋನ್ ಮಾಡಿ ತಲುಪಿತು ಎಂದಷ್ಟೇ ಹೇಳು. ಬೇರೇನೂ ಹೇಳಬೇಡ, ಸ್ಪೀಕರ್.

ನೀನು ಫೋಟೋದಲ್ಲಿ ಕಳಿಸಿದ ರೂಮು ನೋಡಿದೆ. ಕಿಟಕಿಗೆ ಸೊಳ್ಳೆ ಜಾಲರಿ ಇಲ್ಲ. ಮೊದಲು ಅದನ್ನು ಹಾಕಿಸು. ಮಂಚದ ಕೆಳಗೆ ಚಪ್ಪಲಿ ಬಿಟ್ಟಿದ್ದೀಯ.

ಇಲ್ಲಿ ಭಾನುವಾರ ಬಂದರೆ ನನಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಒಂದು ಭಾನುವಾರ ಮಿಲ್ಲು ತೆರೆಯಿರಿ ಎಂದು ನಿನ್ನ ಮಾವನಿಗೆ ನಾನೇ ಹೇಳಿದೆ, ಸದ್ದಾದರೂ ಇರಲಿ ಎಂದು. ಅವರು ಏನೂ ಕೇಳದೆ ತೆರೆದರು. ಯಾರೂ ಬರಲಿಲ್ಲ. ನಮ್ಮದೇ ರಾಗಿ ಹಾಕಿಕೊಂಡು ಬೀಸಿದರು.

ಮೊನ್ನೆ ಗಿರಿಯಮ್ಮ ಬಂದಿದ್ದಳು. ಮಿಲ್ಲಿನ ಕಟ್ಟೆಯ ಮೇಲೆ ಇನ್ನೂ ನಾಲ್ಕು ಜನ ಹೆಂಗಸರು ಇದ್ದರು. ಎಲ್ಲರ ಎದುರಿಗೆ, "ಏನಕ್ಕ, ಸೊಸೆ ಹೋಗೇಬಿಟ್ಲಂತೆ? ತವರ್ಗಾ?" ಎಂದಳು.

"ತವರ್ಗಲ್ಲ ಕಣೇ, ಓದಕ್ಕೆ ಹೋಗವ್ಳೆ" ಎಂದೆ.

"ಅಯ್ಯೋ, ಹೋದೋಳು ಹೋದ್ಲು ಅನ್ನು. ಕಿರಣಪ್ಪನೇ ಇಲ್ಲ, ಇನ್ಯಾವ ಸಂಬಂಧ ಅಂತ ಬರ್ತಾಳೆ?"

ಈ ಮಾತನ್ನೇ ಪಲ್ಲವಿ, ಜೂನ್ ತಿಂಗಳಿನಿಂದ ನಾನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದು. ಘಟ್ಟದ ರಸ್ತೆ, ತೆಂಗಿನೆಣ್ಣೆ, ಅಸಿಡಿಟಿ ಎಂದೆಲ್ಲ ಬರೆದೆನಲ್ಲ, ಎಲ್ಲದರ ಅಡಿಯಲ್ಲಿ ಇದ್ದದ್ದು ಇದೊಂದೇ. ಮಗ ಇಲ್ಲ, ಮೊಮ್ಮಗು ಇಲ್ಲ. ಕುಣಿಗಲ್ ಹತ್ತಿರವಿತ್ತು, ಅದಕ್ಕೇ ಬರುತ್ತಿದ್ದಳು ಎಂದು ಆಗಿಬಿಟ್ಟರೆ? ನಾನು ಹೇಳದೇ ಇದ್ದದ್ದನ್ನು ಅವಳು ಹಿಟ್ಟು ಸಾಣಿಸಿದ ಹಾಗೆ ಎಲ್ಲರ ಮುಂದೆ ಹರಡಿದಳು.

ನನಗೆ ಅಳು ಬರಬೇಕಿತ್ತು. ಸಿಟ್ಟು ಬಂತು. "ಶಿವರಾತ್ರಿಗೆ ಬರ್ತಾಳೆ. ನೀನೇ ಬಂದು ನೋಡ್ಕೊಂಡು ಹೋಗು" ಎಂದುಬಿಟ್ಟೆ. ನಿನ್ನ ಮಾವ ಮಿಷಿನ್ನು ನಿಲ್ಲಿಸಿ, "ಫಲಾರಕ್ಕೆ ನೀನೂ ಬಾರಮ್ಮ ಗಿರಿಯಮ್ಮ, ಡಾಕ್ಟ್ರು ಕೈಲೇ ಬಡಿಸ್ಕೊಳ್ಳುವಂತೆ" ಎಂದರು. ಹೆಂಗಸರೆಲ್ಲ ನಕ್ಕರು. ಗಿರಿಯಮ್ಮ ಹಿಟ್ಟು ತೆಗೆದುಕೊಳ್ಳುವುದನ್ನೂ ಮರೆತು ಹೋದಳು.

ನಿನ್ನನ್ನು ಒಂದು ಮಾತೂ ಕೇಳದೆ ಹೇಳಿದ್ದೇನೆ. ರಜೆ ಕೊಡುತ್ತಾರೋ ಇಲ್ಲವೋ, ಬುಕ್ಕಿಂಗ್ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಮುಂದೆ ಯಾವತ್ತಾದರೂ ನಿನ್ನ ಜೊತೆ ಇನ್ನೊಬ್ಬರು ಬರುವುದಾದರೆ ಬರಲಿ, ಅವರಿಗೂ ಒಂದು ಎಲೆ ಹಾಕುತ್ತೇನೆ. ಇದನ್ನು ಬರೆಯುವ ಮೊದಲು ಎರಡು ಸಲ ಪೆನ್ನು ಕೆಳಗಿಟ್ಟು ಎದ್ದು ಹೋದೆ. ಆದರೂ ಅಳಿಸುವುದಿಲ್ಲ.

ಬರುತ್ತೀಯಾ ಎಂದು ನಾನು ಕೇಳುವುದಿಲ್ಲ. ಯಾವ ಬಸ್ಸಿಗೆ ಎಂದು ಮಾತ್ರ ಬರೆ.

ನಿನ್ನ
ಸರ್ವಮಂಗಳಮ್ಮ